ತಿಂಡಿಗೆ ಮುಂಚಿನ ವಾದ

ಅರಸೀಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಹಾಗೆಂದ ಕೂಡಲೇ ಎದುರಿಗಿದ್ದವರು ಎರಡರಲ್ಲಿ ಒಂದು ಮಾತು ಆಡುತ್ತಾರೆ. ಒಂದು, 'ಆ ಸಬ್ಜೆಕ್ಟ್ ಇನ್ನೂ ಇದೆಯಾ?' ಇನ್ನೊಂದು, 'ಹಾಗಾದರೆ ನಿಮ್ಮ ಹತ್ತಿರ ಮಾತಾಡೋದು ಕಷ್ಟ.' ಎರಡೂ ಒಂದು ಮಟ್ಟಿಗೆ ನಿಜವೇ. ನನ್ನ ತರಗತಿಯ ಬೆಂಚುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿವೆ. ಮತ್ತು ಬೇರೆಯವರ ಮಾತಿನಲ್ಲಿ ತಪ್ಪು ಹುಡುಕುವ ಚಟ ನನ್ನನ್ನು ರಜೆಯ ದಿನವೂ ಬಿಡುವುದಿಲ್ಲ. ತರಕಾರಿಯವಳ ಹತ್ತಿರವೂ ಜಗಳವಾಗಿದೆ.

ದೇವರ ವಿಷಯದಲ್ಲಿ ನಾನು ಹತ್ತೊಂಬತ್ತನೇ ವಯಸ್ಸಿಗೇ ತೀರ್ಮಾನಕ್ಕೆ ಬಂದವಳು. ಬೇಲೂರಿನಲ್ಲಿ, ಗುಡಿಯ ಸೇವೆಯನ್ನೇ ನಂಬಿದ ಮನೆತನದಲ್ಲಿ ಹುಟ್ಟಿದೆ. ಬೆಳಗ್ಗೆ ಸಂಜೆ ಗಂಟೆಯ ಸದ್ದು ಕೇಳಿಕೊಂಡೇ ಬೆಳೆದೆ. ಕಾಲೇಜಿಗೆ ಹೋಗಿ ನಾಲ್ಕು ಪುಸ್ತಕ ಓದಿದ ಮೇಲೆ ಒಂದು ದಿನ ಅಪ್ಪನ ಮುಂದೆ ಹೋಗಿ ನಿಂತು, 'ನನಗೆ ದೇವರಲ್ಲಿ ನಂಬಿಕೆ ಇಲ್ಲ' ಎಂದೆ. ದೊಡ್ಡ ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಮೂರು ದಿನ ಕೂತು ಪ್ರಶ್ನೋತ್ತರಗಳನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ. ಅಪ್ಪ ಹಿತ್ತಲಲ್ಲಿ ಪಂಚೆ ಹಿಂಡಿ ಒಣಹಾಕುತ್ತಿದ್ದರು. ತಿರುಗಿ ಕೂಡ ನೋಡದೆ, 'ಸರಿ. ದೇವರ ಮನೆಗೆ ಬರೋವಾಗ ಕಾಲು ತೊಳ್ಕೊಂಡು ಬಾ, ಅಷ್ಟು ಸಾಕು' ಎಂದರು. ಅಷ್ಟೇ. ಆ ಮಾತಿನ ಮೇಲೆ ನನಗೆ ಮೂವತ್ತೈದು ವರ್ಷ ಸಿಟ್ಟಿತ್ತು ಎಂದರೆ ನೀವು ನಗಬಹುದು. ವಾದಕ್ಕೆ ನಿಂತವಳಿಗೆ ಎದುರಾಳಿ ಪಂಚೆ ಒಣಹಾಕುತ್ತಾ ನಿಂತರೆ ಆಗುವ ಅವಮಾನ ಅನುಭವಿಸಿದವರಿಗೇ ಗೊತ್ತು.

ಈಗ ನಾನಿರುವುದು ಅರಸೀಕೆರೆಯಲ್ಲಿ, ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯ ಮಹಡಿಯ ಮೇಲೆ. ಬಾಡಿಗೆಗೆ ಬಂದು ಹದಿನಾಲ್ಕು ವರ್ಷವಾಯಿತು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ. ಜಾವಗಲ್ ಕಡೆ ತೆಂಗಿನ ತೋಟ, ಊರಲ್ಲಿ ಮಂಡಿ. ಲಿಂಗ ಕಟ್ಟಿಕೊಂಡ ಶೈವ ಮನೆತನ, ಮಠಕ್ಕೆ ನಡೆದುಕೊಳ್ಳುವವರು. ಬೆಳಗ್ಗೆ ಏಳೂವರೆಗೆ ಸ್ನಾನ ಮುಗಿಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ, ಅದರೊಳಗಿನ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಎಂಟು ವರ್ಷದ ಹುಡುಗನಾಗಿದ್ದಾಗ ದೀಕ್ಷೆಯಾದ ಮೇಲೆ ಆ ಪೂಜೆಯಾಗದೆ ಒಂದು ತುತ್ತು ಬಾಯಿಗಿಟ್ಟವರಲ್ಲ. ಒಮ್ಮೆ ರೈಲು ಕೆಟ್ಟು ಬಾಣಾವರದಲ್ಲಿ ನಿಂತಾಗ ಪ್ಲಾಟ್‌ಫಾರಂ ನೀರಿನ ನಲ್ಲಿಯ ಕೆಳಗೆ ಸ್ನಾನ ಮಾಡಿ, ಅಲ್ಲೇ ಬೆಂಚಿನ ಮೇಲೆ ಪೂಜೆಗೆ ಕೂತು, ಆಮೇಲೆಯೇ ಬಾಳೆಹಣ್ಣು ಸುಲಿದರಂತೆ. ಇದನ್ನು ಅವರ ಹೆಂಡತಿ ನನಗೆ ಹೇಳಿ ಹೇಳಿ ನಗುತ್ತಿದ್ದರು.

ಆ ಅಮ್ಮ ಕಳೆದ ವರ್ಷ ಕಾರ್ತಿಕದಲ್ಲಿ ತೀರಿಕೊಂಡರು. ಮೂರು ತಿಂಗಳ ಕಾಯಿಲೆ. ಅವರಲ್ಲಿ ಮಣ್ಣು ಮಾಡುವಾಗ ಕೂರಿಸಿ, ಅವರವರ ಲಿಂಗವನ್ನು ಅವರವರ ಎಡಗೈಯಲ್ಲೇ ಇಟ್ಟು ಮಣ್ಣು ಮುಚ್ಚುತ್ತಾರೆ. ಯಜಮಾನರು ಅದನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದರು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಸಾವಿನ ಮನೆಯಲ್ಲೂ ಪೂಜೆ ನಿಲ್ಲುವಂತಿಲ್ಲ. ಆದರೆ ಮಣ್ಣು ಮಾಡಿ ಬಂದ ಎರಡನೇ ದಿನ ಅವರು ಕರಡಿಗೆಯನ್ನು ಕೊರಳಿಂದ ತೆಗೆದು ದೇವರ ಗೂಡಿನಲ್ಲಿ ಇಟ್ಟುಬಿಟ್ಟರು. ಯಾರ ಹತ್ತಿರವೂ ಏನೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅದು ಅವರ ಮನೆಯ ವಿಷಯ, ನಾನು ತಲೆ ಹಾಕುತ್ತಿರಲಿಲ್ಲ. ತೊಂದರೆ ಏನಾಯಿತೆಂದರೆ, ಪೂಜೆ ನಿಂತಿತು, ಅದರ ಜೊತೆಗೆ ತಿಂಡಿಯೂ ನಿಂತಿತು. ತಟ್ಟೆಯ ಮುಂದೆ ಕೂರುತ್ತಾರೆ, ಕೈ ಮುಂದೆ ಹೋಗುವುದಿಲ್ಲ. ಹತ್ತು ಗಂಟೆ, ಹನ್ನೊಂದು ಗಂಟೆ, ಒಮ್ಮೊಮ್ಮೆ ಮಧ್ಯಾಹ್ನ ಎರಡಾದರೂ ಇಲ್ಲ. ಕೊನೆಗೆ ಯಾವಾಗಲೋ ನಾಲ್ಕು ತುತ್ತು ನುಂಗುತ್ತಾರೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವರು. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿಬಿಡುತ್ತಾರೆ. ಒಂದು ದಿನ ಮಂಡಿಯಲ್ಲಿ ಚೀಲಗಳ ನಡುವೆ ಬೆವರಿ ಕುಸಿದು ಕೂತರಂತೆ. ಡಾಕ್ಟರು, ಹೀಗೇ ಮಾಡಿದರೆ ಇನ್ನೊಂದು ಸಲ ಏಳುವುದಿಲ್ಲ ಎಂದು ಬಿಡಿಸಿ ಹೇಳಿದರು. ಅವತ್ತು ಸಂಜೆ ಅವರ ಸೊಸೆ ಮಹಡಿ ಹತ್ತಿ ಬಂದು ನನ್ನ ಬಾಗಿಲಲ್ಲಿ ಅತ್ತಳು. 'ನೀವಾದ್ರೂ ಹೇಳಿ ಮೇಡಂ. ನಿಮ್ಮ ಮಾತು ಕೇಳ್ತಾರೆ.'

ಕೇಳುತ್ತಾರೋ ಇಲ್ಲವೋ, ಹೇಳುವುದಕ್ಕೆ ನನಗೆ ಯಾವತ್ತೂ ಸಂಕೋಚವಿಲ್ಲ. ಮರುದಿನ ಬೆಳಗ್ಗೆ ಏಳೂವರೆಗೆ ಕೆಳಗಿಳಿದು ಹೋದೆ. ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ.

'ಪೂಜೆ ಬಿಟ್ಟಿದ್ದೀರಿ, ಅದು ನಿಮ್ಮ ಇಷ್ಟ' ಎಂದೆ. 'ಬಿಟ್ಟ ಮೇಲೆ ತಿಂಡಿಗೆ ಅಡ್ಡಿ ಏನಿದೆ? ಅಡ್ಡಿ ಇದೆ ಅಂದ್ರೆ ನೀವು ಪೂಜೆ ಬಿಟ್ಟೇ ಇಲ್ಲ ಅಂತಾಯ್ತು. ಎರಡರಲ್ಲಿ ಒಂದು ಮಾಡಿ.'

'ನೀವು ಹೇಳಾದು ಸರಿಯಾಗೈತೆ ಮೇಡಮ್ನೋರೆ' ಎಂದರು. 'ಬಾಯಿ ಒಪ್ಪಲ್ಲ ಕಣಮ್ಮ, ಏನ್ಮಾಡ್ಲಿ.'

ಆಮೇಲೆ ಅವರೇ ಒಂದು ಪಂದ್ಯ ಕಟ್ಟಿದರು. 'ನೀವು ತರ್ಕದೋರು. ದೇವ್ರು ಐದಾನೆ ಅನ್ನಕ್ಕೆ ಒಂದು ಗಟ್ಟಿ ಕಾರಣ ಕೊಡಿ, ನಾಳೆಯಿಂದ್ಲೇ ಲಿಂಗ ಕಟ್ಕತೀನಿ. ಇಲ್ಲ ಅನ್ನಕ್ಕಾದ್ರೂ ಒಂದು ಗಟ್ಟಿ ಕಾರಣ ಕೊಡಿ, ಮಠಕ್ಕೆ ಹೋಗಿ ಒಪ್ಪಿಸಿ ಬತ್ತೀನಿ. ಯಾವುದಾದ್ರೂ ಒಂದು ಆಗ್ಲಿ, ತಿಂಡಿ ತಿಂತೀನಿ. ಹಿಂಗೆ ನಡುವೆ ನಿಂತ್ಕಂಡು ಸಾಕಾಗೈತೆ.'

ದೇವರನ್ನು ನಂಬದ ನಾನು ಹೀಗೆ ದೇವರ ವಕಾಲತ್ತು ವಹಿಸಿಕೊಂಡೆ. ಒಳಗೊಳಗೇ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಪಾಠವನ್ನು ಪರೀಕ್ಷೆಗಲ್ಲದೆ ಹೊಟ್ಟೆಗಾಗಿ ಕೇಳಿದವರು ಅವರೊಬ್ಬರೇ.

ಮೊದಲ ದಿನ ಎಲ್ಲಕ್ಕಿಂತ ಹಳೆಯದನ್ನೇ ತೆಗೆದೆ. ಗಡಿಗೆ ಇದೆ ಎಂದರೆ ಅದನ್ನು ಮಾಡಿದ ಕುಂಬಾರ ಇರಲೇಬೇಕು. ಪ್ರತಿಯೊಂದಕ್ಕೂ ಹಿಂದೆ ಒಂದು ಕಾರಣ. ಆ ಕಾರಣಕ್ಕೆ ಇನ್ನೊಂದು. ಹಿಂದೆ ಹಿಂದೆ ಹೋಗುತ್ತಾ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಆ ಮೊದಲ ಕಾರಣವೇ ದೇವರು. ಯಜಮಾನರು ಪೂರ್ತಿ ಕೇಳಿಸಿಕೊಂಡರು.

'ಕಾಯಿಗೆ ಮರ ಕಾರಣ, ಮರಕ್ಕೆ ಕಾಯಿ ಕಾರಣ' ಎಂದರು. 'ನಮ್ಮ ತೋಟದಲ್ಲಿ ನಮ್ಮಜ್ಜನ ಕಾಲದಿಂದ ಇದೇ ನಡೀತೈತೆ. ಮೊದ್ಲು ಅನ್ನೋದು ಒಂದು ಇರ್ಲೇಬೇಕು ಅಂತ ಯಾರಂದೋರು? ಇದ್ರೂನೂ, ಆ ಮೊದಲ್ನೇ ಮರ ನನ್ನ ಮಾತು ಕೇಳಿಸ್ಕತೈತಾ?'

ಎರಡು ಆಕ್ಷೇಪಣೆ, ಎರಡೂ ಸರಿ. ದ್ವಿತೀಯ ಪಿಯುಸಿಯಲ್ಲಿ ಹೀಗೆ ಕೇಳುವ ಒಬ್ಬ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ. ಮೊದಲ ಕಾರಣ ಒಂದಿದೆ ಎಂದು ತೋರಿಸಿದರೂ ಅದು ಕರುಣೆಯುಳ್ಳದ್ದು, ಕಿವಿಯುಳ್ಳದ್ದು ಎಂದು ತೋರಿಸಿದಂತಾಗುವುದಿಲ್ಲ. ತಟ್ಟೆ ಮುಚ್ಚಿಯೇ ಇತ್ತು.

ಮಾರನೇ ದಿನ ಇನ್ನೊಂದು. ದೇವರೆಂದರೆ ಅದಕ್ಕಿಂತ ದೊಡ್ಡದನ್ನು ಯೋಚಿಸಲಾಗದಂಥದ್ದು. ಬರೀ ಯೋಚನೆಯಲ್ಲಿರುವುದಕ್ಕಿಂತ ನಿಜವಾಗಿ ಇರುವುದು ದೊಡ್ಡದು. ಆದ್ದರಿಂದ ಅದು ಇರಲೇಬೇಕು, ಇಲ್ಲದಿದ್ದರೆ ಅದು ಎಲ್ಲಕ್ಕಿಂತ ದೊಡ್ಡದಾಗುವುದಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವರ ಮೀಸೆ ಅಲುಗುತ್ತಿತ್ತು. ತಿಂಗಳುಗಳಾದ ಮೇಲೆ ಅವರು ನಕ್ಕದ್ದನ್ನು ನೋಡಿದೆ. 'ಎಲ್ಲಾಕ್ಕಿಂತ ಒಳ್ಳೇ ಕೊಬ್ಬರಿ ನನ್ನ ತಲೇಲೂ ಐತೆ ಮೇಡಮ್ನೋರೆ. ಯೋಚನೆ ಮಾಡಿದ್ದಕ್ಕೆ ಮಂಡಿಗೆ ಬಂದು ಇಳೀಬೇಕಲ್ಲ!' ಒಳಗಿಂದ ಸೊಸೆಯೂ ನಕ್ಕಳು. ನನಗೂ ನಗು ಬಂತು. ಆದರೆ ಅವತ್ತೂ ಹನ್ನೆರಡರವರೆಗೆ ಅವರು ಏನೂ ತಿನ್ನಲಿಲ್ಲ.

ಮೂರನೇ ದಿನ, ದೇವರು ಇದ್ದಾನೆಂದು ನಂಬಿದರೆ ಲಾಭ, ಇಲ್ಲದೆ ಹೋದರೂ ನಷ್ಟವೇನಿಲ್ಲ, ಆದ್ದರಿಂದ ನಂಬುವುದೇ ಜಾಣತನ ಎಂಬ ವಾದ ಹೂಡಿದೆ. ವ್ಯಾಪಾರಿಗಳಿಗೆ ಇದು ಹಿಡಿಸಬಹುದೆಂದು ನನ್ನ ಲೆಕ್ಕಾಚಾರ. ಅವರಿಗೆ ಸಿಟ್ಟು ಬಂದುಬಿಟ್ಟಿತು. 'ಮಂಡೀಲಿ ದಿನಾ ಮಾಡಾದು ಇದೇ ಅಲ್ವೇನ್ರೀ? ಅವ್ಳು ಹೋದ ಮೇಲೆ ದೇವ್ರ ಹತ್ರಾನೂ ಯಾಪಾರ ಮಾಡ್ಲಾ?' ಎಂದು ಎದ್ದು ಒಳಗೆ ಹೋದರು. ಅದು ನನ್ನದೇ ತಪ್ಪು. ಅವರನ್ನು ಕಸುಬಿನಿಂದ ಅಳೆದಿದ್ದೆ.

ನಾಲ್ಕನೇ ದಿನ ಎದುರು ದಿಕ್ಕಿಗೆ ತಿರುಗಿದೆ. 'ಹಾಗಾದರೆ ಇಲ್ಲ ಅಂತಲೇ ಇಟ್ಕೊಳ್ಳಿ. ಎಲ್ಲ ಬಲ್ಲ, ಎಲ್ಲ ಮಾಡಬಲ್ಲ, ಎಲ್ಲರನ್ನೂ ಪ್ರೀತಿಸೋ ದೇವರು ಇದ್ದಿದ್ದರೆ ಅಮ್ಮ ಅಷ್ಟು ನೋವು ತಿನ್ನಬೇಕಾಗಿರಲಿಲ್ಲ.' ಆ ಅಮ್ಮ ನನಗೂ ಬೇಕಾದವರಾಗಿದ್ದರು.

ಯಜಮಾನರು ನನ್ನ ಮುಖ ನೋಡಿದರು. 'ಇದು ಗಟ್ಟಿಯಾ? ಸಾಬೀತಾಗೈತಾ?'

ಹೂಂ ಎಂದಿದ್ದರೆ ಆಗುತ್ತಿತ್ತು. ಅವರು ಮಠಕ್ಕೆ ಹೋಗಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದರೋ ಏನೋ. ಆದರೆ ಇಪ್ಪತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಗೀಟು ಹಾಕಿದ ಕೈ ಇದು. ನೋವಿನ ಆ ವಾದಕ್ಕೂ ಸಮಾಧಾನ ಹೇಳಿದವರಿದ್ದಾರೆ, ಆ ಸಮಾಧಾನಕ್ಕೆ ಮತ್ತೆ ಆಕ್ಷೇಪಣೆಗಳಿವೆ. 'ಇಲ್ಲ' ಎಂದೆ. 'ಸಾಬೀತಾಗಿಲ್ಲ.'

'ಇರೋದೂ ಸಾಬೀತಾಗಿಲ್ಲ, ಇಲ್ದೇ ಇರೋದೂ ಸಾಬೀತಾಗಿಲ್ಲ' ಎಂದರು. ಆಮೇಲೆ, ಕುಹಕವಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. 'ಮತ್ತೆ ನೀವು ಹೆಂಗೆ ದಿನಾ ತಿಂಡಿ ತಿಂತೀರಿ?'

ಮಹಡಿ ಹತ್ತಿ ಬಂದು ಚಪಾತಿ ತಿನ್ನುವಾಗ ಅದೇ ಪ್ರಶ್ನೆ ತಟ್ಟೆಯ ಎದುರಿಗೆ ಕೂತಿತ್ತು.

ಭಾನುವಾರ ಬಂತು. ನಾನು ಬೇಲೂರಿಗೆ ಅಪ್ಪನನ್ನು ನೋಡಲು ಹೊರಟಿದ್ದೆ. ಅಪ್ಪ ಅಲ್ಲಿ ಅಣ್ಣನ ಸಂಸಾರದ ಜೊತೆ, ಗದ್ದಲದ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಆರಾಮಾಗಿದ್ದಾರೆ. ಯಜಮಾನರನ್ನೂ ಕರೆದೆ. 'ದಾರಿಯಲ್ಲಿ ಹಳೇಬೀಡಲ್ಲಿ ಇಳಿಯೋಣ. ಒಂದು ವಾದ ಉಳಿದಿದೆ, ಅದನ್ನು ಅಲ್ಲೇ ಹೇಳಬೇಕು.' ಸೊಸೆ ಅವರ ಜೇಬಿಗೆ ಗ್ಲೂಕೋಸ್ ಬಿಸ್ಕತ್ತು ತುರುಕಿದಳು. ನನ್ನ ಕೈಚೀಲದಲ್ಲೂ ಒಂದು ಪೊಟ್ಟಣ ಸಕ್ಕರೆ ಇಟ್ಟಳು.

ಜಾವಗಲ್ ಮೇಲೆ ಹೋಗುವ ಬಸ್ಸು. ಹೆಂಗಸಾದ್ದರಿಂದ ನನಗೆ ಫ್ರೀ ಟಿಕೆಟ್. 'ಇದಕ್ಕಾದ್ರೂ ಒಂದು ಕಾರಣ ಗೊತ್ತೈತೆ' ಎಂದು ಯಜಮಾನರು ತಮಾಷೆ ಮಾಡಿದರು. ಅವರ ತೋಟದ ತಿರುವು ಬಂದಾಗ ಮಾತ್ರ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಆ ಅಮ್ಮನನ್ನು ಮಣ್ಣು ಮಾಡಿದ್ದು ಅಲ್ಲಿಯೇ.

ಹಳೇಬೀಡಿನ ಗುಡಿಯ ಗೋಡೆಯ ಮುಂದೆ ನಿಲ್ಲಿಸಿ ನನ್ನ ವಾದ ಹೇಳಿದೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ, ಹಂಸ. ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. 'ಇದನ್ನು ನೋಡಿ ಮಳೆ ಗಾಳಿಗೆ ಕಲ್ಲು ತಾನಾಗಿ ಹೀಗಾಯ್ತು ಅಂತ ಯಾರಾದರೂ ಅಂತಾರಾ? ಹಾಗೇ ಈ ಲೋಕ. ಕಣ್ಣಿನ ರಚನೆ ನೋಡಿ, ತೆಂಗಿನಕಾಯೊಳಗೆ ನೀರು ತುಂಬಿರೋದು ನೋಡಿ. ಶಿಲ್ಪ ಇದ್ದ ಮೇಲೆ ಶಿಲ್ಪಿ ಇರಬೇಕಲ್ಲ.' ನಾನು ನಂಬದ ಮಾತನ್ನು ಇಷ್ಟು ಚೆನ್ನಾಗಿ ಹೇಳಬಲ್ಲೆ ಎಂದು ನನಗೇ ಆಶ್ಚರ್ಯವಾಯಿತು.

ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದರು. ಮೂಲೆಯೊಂದರಲ್ಲಿ ನಿಂತು ಬಗ್ಗಿದರು. ಅಲ್ಲೊಂದು ಕಲ್ಲು. ಕುದುರೆಯ ಕತ್ತು, ಮುಂಗಾಲು ಮೂಡಿವೆ, ಹಿಂದಿನ ಅರ್ಧ ಬರೀ ಬಂಡೆ. ಉಳಿಯ ಗೆರೆ ಹಾಗೇ ಉಳಿದಿದೆ.

'ಶಿಲ್ಪಿ ಇದ್ದ, ಒಪ್ತೀನಿ' ಎಂದರು. 'ಅರ್ಧಕ್ಕೆ ಬಿಟ್ಟು ಹೋದ.' ಆ ಕುದುರೆಯ ಬೆನ್ನಿರಬೇಕಾಗಿದ್ದ ಜಾಗದ ಮೇಲೆ ಕೈ ಇಟ್ಟರು. 'ನಮ್ಮದನ್ನೂ ಹಂಗೇ ಬಿಟ್ಟು ಹೋಗವ್ನೆ.'

ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಒಳಗೆ ಲಿಂಗಕ್ಕೆ ಪೂಜೆ ನಡೆಯುತ್ತಿತ್ತು, ಬಾಗಿಲವರೆಗೆ ಹೋದ ಯಜಮಾನರು ಒಳಗೆ ಕಾಲಿಡದೆ ತಿರುಗಿ ಬಂದರು. ಹತ್ತೂವರೆಯಾಗಿತ್ತು. ಬಿಸ್ಕತ್ತು ತಿನ್ನಿ ಎಂದೆ. ಒಂದನ್ನು ಕೈಯಲ್ಲಿ ಹಿಡಿದುಕೊಂಡು ಬೇಲೂರಿನವರೆಗೂ ಹಾಗೇ ಕೂತರು. ಅವರ ಹಣೆಯ ಮೇಲೆ ಬೆವರು ನೋಡಿ ನನಗೆ ಭಯವಾಗತೊಡಗಿತ್ತು. ಒತ್ತಾಯ ಮಾಡಿ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಸಿದೆ. ಔಷಧಿ ಎಂದುಕೊಂಡು ನುಂಗಿದರು.

ಅಣ್ಣನ ಮನೆ ಗುಡಿಯ ಹಿಂದಿನ ಬೀದಿಯಲ್ಲಿ. ಅಪ್ಪನಿಗೆ ಎಂಬತ್ನಾಲ್ಕು. ಕಣ್ಣು ಮಸುಕಾಗಿ ಪೂಜೆಯ ಕೆಲಸ ಬಿಟ್ಟು ಆರೇಳು ವರ್ಷವಾಯಿತು. ಹೊಸಬರ ಹೆಜ್ಜೆಯ ಸದ್ದು ಕೇಳಿ, 'ಬನ್ನಿ ಬನ್ನಿ. ತಿಂಡಿ ಆಯ್ತಾ?' ಎಂದರು. ನಮ್ಮ ಕಡೆ ಯಾರು ಬಂದರೂ ಮೊದಲು ಕೇಳುವುದು ಅದನ್ನೇ. ಆದರೆ ಅವತ್ತು ಆ ಮಾತಿಗೆ ಇಬ್ಬರೂ ಬೆಚ್ಚಿದೆವು.

ಯಜಮಾನರು ಮುಚ್ಚುಮರೆ ಮಾಡಲಿಲ್ಲ. ಹೆಂಡತಿ ಹೋದದ್ದು, ಕರಡಿಗೆ ಗೂಡಲ್ಲಿಟ್ಟದ್ದು, ಬಾಯಿ ಒಪ್ಪದಿರುವುದು, ನಾನು ನಾಲ್ಕೈದು ವಾದ ಹೇಳಿ ಸೋತದ್ದು, ಎಲ್ಲವನ್ನೂ ಹೇಳಿದರು. 'ನೀವು ಜೀವಮಾನ ಪೂರ್ತಿ ಅವನ ಸೇವೆ ಮಾಡ್ದೋರು. ನಿಮಗೇನಾದ್ರೂ ಗಟ್ಟಿ ಕಾರಣ ಸಿಕ್ಕೈತಾ ಸ್ವಾಮಿ?'

'ಕಾರಣ ನನಗೆ ಗೊತ್ತಿಲ್ಲಪ್ಪ. ಅದೆಲ್ಲ ಇವಳ ಕೆಲಸ' ಎಂದು ಅಪ್ಪ ನಾನಿದ್ದ ಕಡೆ ಕೈ ತೋರಿಸಿದರು. 'ಒಂದು ಸಲ ಆದದ್ದು ಹೇಳ್ತೀನಿ, ಬೇಕಾದರೆ.'

ಬಿಕ್ಕೋಡಿನ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ ಸಣ್ಣ ಕೇಶವನ ಗುಡಿ. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಅಲ್ಲಿ ಪೂಜೆ. ನೈವೇದ್ಯದ ಅನ್ನವನ್ನು ನಮ್ಮಮ್ಮ ಮನೆಯಲ್ಲೇ ಮಾಡಿ, ಭಾರದ ಹಿತ್ತಾಳೆ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಬಟ್ಟೆ ಕಟ್ಟಿ ಕೊಡುತ್ತಿದ್ದಳು. ಅಪ್ಪ ಸೈಕಲ್ಲಿನಲ್ಲಿ ಒಯ್ಯುತ್ತಿದ್ದರು. ಒಂದೇ ಅಳತೆಯ ಎರಡು ಪಾತ್ರೆಗಳಿದ್ದವು, ಒಂದು ಇವತ್ತಿಗೆ, ಇನ್ನೊಂದು ನಾಳೆಗೆಂದು ತೊಳೆದು ಹಾಗೇ ಬಟ್ಟೆ ಕಟ್ಟಿಟ್ಟದ್ದು. ಅವತ್ತು ಅವಸರದಲ್ಲಿ ಅಪ್ಪ ಎತ್ತಿಕೊಂಡು ಹೋದದ್ದು ತೊಳೆದಿಟ್ಟ ಪಾತ್ರೆಯನ್ನು.

'ತೆರೆ ಎಳೆದೆ. ನೀರು ಸುತ್ತಿಸಿದೆ, ಮಂತ್ರ ಹೇಳಿದೆ' ಎಂದರು ಅಪ್ಪ. 'ದೇವರು ಊಟ ಮಾಡೋಷ್ಟು ಹೊತ್ತು ಕಣ್ಣು ಮುಚ್ಚಿ ನಿಂತೆ. ಗಂಟೆ ಬಾರಿಸಿ ತೆರೆ ತೆಗೆದೆ. ಪ್ರಸಾದಕ್ಕೆ ಅಂತ ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಪಾತ್ರೆಯ ತಳದಲ್ಲಿ ನನ್ನ ಮುಖ ಕಾಣಿಸ್ತು.'

ಹೊರಗೆ ಮೂರು ಜನ ಕೈ ಚಾಚಿ ನಿಂತಿದ್ದರಂತೆ. ಅಪ್ಪ ತಕ್ಷಣ ಮುಚ್ಚಳ ಮುಚ್ಚಿದರು. ತೀರ್ಥ, ತುಳಸಿ ಕೊಟ್ಟು ಕಳಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪ ಗುಡಿಯ ಬಾಗಿಲೆಳೆದು, ಉರಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬೇಲೂರಿಗೆ ಬಂದು, ಅನ್ನವಿದ್ದ ಪಾತ್ರೆ ತೆಗೆದುಕೊಂಡು ಮತ್ತೆ ಹೋದರು. ಮತ್ತೆ ತೆರೆ ಎಳೆದು ಮತ್ತೆ ನೈವೇದ್ಯ ಮಾಡಿದರು.

ನನಗೆ ತಡೆಯಲಾಗಲಿಲ್ಲ. 'ಒಂದೇ ಹೊತ್ತಿಗೆ ಎರಡು ಸಲ ನೈವೇದ್ಯನಾ? ಶಾಸ್ತ್ರ ಒಪ್ಪುತ್ತಾ ಅಪ್ಪ?'

'ಊಟ ಇಲ್ಲದೆ ಕೂತಿದ್ದಾರೆ ಅಂತ ಗೊತ್ತಾದ ಮೇಲೆ ಶಾಸ್ತ್ರ ಯಾರು ನೋಡ್ತಾರೆ?' ಎಂದರು ಅಪ್ಪ.

ಯಜಮಾನರು ಮುಂದಕ್ಕೆ ಸರಿದು ಕೂತರು. 'ತಪ್ಪು ತಿಳೀಬ್ಯಾಡಿ. ಖಾಲಿ ಪಾತ್ರೆ ಇಟ್ರೂ ಒಳಗಿಂದ ಒಂದು ಮಾತು ಬರ್ಲಿಲ್ಲ. ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಅವತ್ತು ಅನುಮಾನ ಬರ್ಲಿಲ್ವಾ ನಿಮಗೆ?'

'ಬಂತು' ಎಂದರು ಅಪ್ಪ. 'ಸೈಕಲ್ ಮೇಲೆ ಬರ್ತಾ ಬಂತು. ವಾಪಸ್ ಹೋಗೋವಾಗಲೂ ಜೊತೆಗೇ ಇತ್ತು. ಇಷ್ಟು ವರ್ಷ ತುಂಬಿದ ಪಾತ್ರೆ ಇಟ್ಟಾಗಲೂ ಇದೇ ಕಥೆ ಆಗಿತ್ತೋ ಏನೋ ಅಂತಲೂ ಅನ್ನಿಸ್ತು. ಆದರೆ ಅನ್ನ ತಣ್ಣಗಾಗ್ತಿತ್ತಲ್ಲ, ಅನುಮಾನ ಇಟ್ಕೊಂಡೇ ಸೈಕಲ್ ತುಳಿದೆ.'

'ಆಮೇಲೆ ಹೋಯ್ತಾ ಅದು?'

'ಎಲ್ಲಿ ಹೋಗುತ್ತೆ? ಈಗಲೂ ಇದೆ. ಮನೆಗೆ ಬಂದವರನ್ನು ಹೊರಗೆ ಹಾಕೋಕಾಗಲ್ಲ. ಅದಕ್ಕೂ ಸ್ವಲ್ಪ ಜಾಗ ಬಿಟ್ಟು ಕೂತ್ಕೊಂಡೇ ಪೂಜೆ ಮಾಡ್ತಾ ಬಂದೆ.'

ಐವತ್ನಾಲ್ಕು ವರ್ಷ ನಾನು ಈ ಮನುಷ್ಯನ ಮಗಳು. ಅವರಿಗೆ ಯಾವ ಅನುಮಾನವೂ ಮುಟ್ಟಿಲ್ಲ, ಅದಕ್ಕೇ ಅವತ್ತು ನನ್ನನ್ನು ಮಾತಿಗೇ ತೆಗೆದುಕೊಳ್ಳಲಿಲ್ಲ ಎಂದುಕೊಂಡಿದ್ದೆ. ಆದರೆ ನನ್ನಂಥದೇ ಒಂದು ಅನುಮಾನ ದಿನಾ ಅವರ ಜೊತೆ ಗುಡಿಗೆ ಹೋಗಿ ಬರುತ್ತಿತ್ತು. ಅದನ್ನು ಹತ್ತೊಂಬತ್ತರ ನನಗೆ ಹೇಳದೆ ಇವತ್ತು ಬಂದ ಒಬ್ಬ ಹೊಸಬರಿಗೆ ಹೇಳಿದರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ ಅಳು ಬಂತು. ಅಡುಗೆಮನೆಗೆ ಎದ್ದುಹೋಗಿ ಅತ್ತಿಗೆಯ ಜೊತೆ ಎಲೆ ಒರೆಸಿದೆ.

ಊಟಕ್ಕೆ ಹಾಕಿದೆವು. ಅಪ್ಪ, ಅಣ್ಣ, ಯಜಮಾನರು ಒಂದೇ ಸಾಲಿನಲ್ಲಿ. ಅನ್ನ, ತೊಗರಿಬೇಳೆ ಸಾರು, ಹುರುಳಿಕಾಯಿ ಪಲ್ಯ. ಯಜಮಾನರು ಎಲೆಯನ್ನು ನೋಡುತ್ತಾ ಕೂತರು. ಯಾರೂ ಅವರಿಗೆ ಒತ್ತಾಯ ಮಾಡಲಿಲ್ಲ. ಅಪ್ಪನೂ ಕೈ ಹಾಕದೆ ಕಾಯುತ್ತಿದ್ದರು.

ನಾನು ಬಡಿಸುತ್ತಾ ಬಗ್ಗಿದವಳು ನೋಡಿದೆ. ಯಜಮಾನರ ಎಡಗೈ ತೊಡೆಯ ಮೇಲೆ ನಿಧಾನವಾಗಿ ತೆರೆದುಕೊಂಡಿತು. ಅಂಗೈ ಮೇಲ್ಮುಖವಾಗಿ, ಬೆರಳುಗಳು ಸ್ವಲ್ಪ ಮಡಿಚಿ, ಲಿಂಗ ಹಿಡಿಯುವಾಗ ಇರುವ ಹಾಗೆಯೇ. ಅದರಲ್ಲಿ ಏನೂ ಇರಲಿಲ್ಲ. ಅವರು ಆ ಖಾಲಿ ಅಂಗೈಯನ್ನೇ ಎವೆಯಿಕ್ಕದೆ ನೋಡಿದರು. ದಿನಾ ಪೂಜೆಗೆ ಎಷ್ಟು ಹೊತ್ತಾಗುತ್ತಿತ್ತೋ ಅಷ್ಟು ಹೊತ್ತು ನೋಡಿರಬೇಕು, ಸಾರು ಆರಿಹೋಯಿತು. ಕಣ್ಣಿಂದ ನೀರು ಇಳಿದು ಮೀಸೆಗೆ ಹತ್ತಿತು. ಆಮೇಲೆ ಬಲಗೈಯಿಂದ ಅನ್ನ ಕಲಸಿ ತುತ್ತು ಬಾಯಿಗಿಟ್ಟರು.

'ಅಮ್ಮಾ, ಇನ್ನೊಂಚೂರು ಸಾರು ಹಾಕಿ' ಎಂದು ಅತ್ತಿಗೆಯನ್ನು ಕೇಳಿದರು. ಅವತ್ತು ಅಪ್ಪ ಮಜ್ಜಿಗೆಯವರೆಗೂ ಅವರ ಜೊತೆಗೇ ಕೂತಿದ್ದರು.

ನಡೆದದ್ದನ್ನು ವಾದದ ರೂಪದಲ್ಲಿ ಬರೆಯಲು ನಾನು ವಾಪಸ್ ಬರುವ ಬಸ್ಸಿನಲ್ಲಿ ಪ್ರಯತ್ನಿಸಿದೆ. ಮೊದಲ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ಸಂಬಂಧವೇ ಕೂಡಲಿಲ್ಲ. ಅಪ್ಪನ ಕಥೆಯಿಂದ ದೇವರಿದ್ದಾನೆ ಎಂದು ಸಿದ್ಧವಾಗುವುದಿಲ್ಲ, ಇಲ್ಲ ಎಂದೂ ಸಿದ್ಧವಾಗುವುದಿಲ್ಲ. ಜಾವಗಲ್ ದಾಟುವಾಗ ಯಜಮಾನರೇ ಮಾತಾಡಿದರು.

'ನಲವತ್ತಾರು ವರ್ಷ ಮೇಡಮ್ನೋರೆ. ಪೂಜೆ ತಟ್ಟೆ ಇಡ್ತಿದ್ದೋಳು ಅವ್ಳು. ವಿಭೂತಿ, ಪತ್ರೆ, ಒಂದು ತಂಬಿಗೆ ನೀರು. ನಾನು ಸ್ನಾನ ಮಾಡಿ ಬರೋಷ್ಟರಲ್ಲಿ ಮಣೆ ಮುಂದೆ ಇರ್ತಿತ್ತು. ಮಣ್ಣು ಮಾಡಿ ಬಂದು ಎರಡನೇ ದಿನ ಸ್ನಾನ ಮಾಡಿ ಬತ್ತೀನಿ, ತಟ್ಟೆ ಅಲ್ಲೇ ಐತೆ. ಅದೇ ಜಾಗದಲ್ಲಿ. ಸೊಸೆ ಇಟ್ಟಿದ್ಲು, ಪಾಪ. ಏನೂ ಆಗೇ ಇಲ್ಲ ಅನ್ನೋಹಂಗೆ ಇತ್ತು ಅದು. ಅವತ್ತೇ ಬಿಚ್ಚಿಟ್ಟೆ.' ಟಿಕೆಟ್ಟನ್ನು ಮಡಿಚಿ ಜೇಬಿಗಿಟ್ಟರು. 'ನಂಗೆ ಸಿಟ್ಟು ದೇವ್ರ ಮ್ಯಾಲಲ್ಲ ಕಣಮ್ಮ. ಆ ತಟ್ಟೆ ಮ್ಯಾಲೆ.'

ನಾಲ್ಕು ದಿನ ಬೆಳಗ್ಗೆ ನಾನು ಅವರಿಗೆ ಇಡೀ ಲೋಕದ ಮೂಲ ಕಾರಣವನ್ನು ಹುಡುಕಿಕೊಡಲು ಹೊರಟಿದ್ದೆ. ತಟ್ಟೆಯ ವಿಷಯ ಒಂದು ಸಲವೂ ಕೇಳಿರಲಿಲ್ಲ.

ಮರುದಿನ ಏಳೂವರೆಗೆ ಕೆಳಗಿನಿಂದ ಕೂಗು. 'ಮೇಡಮ್ನೋರೆ! ಒಂಚೂರು ಕೆಳಗೆ ಬನ್ನಿ!' ಮೆಟ್ಟಿಲಿಳಿದು ಓಡಿದೆ. ಯಜಮಾನರು ಒದ್ದೆ ಪಂಚೆಯಲ್ಲಿ ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಬಿಲ್ವದ ಎಲೆ, ಮೊಳಕೈ ಮುಳ್ಳು ತರಚಿ ಕೆಂಪಾಗಿದೆ. ಸೊಸೆ ಸಹಾಯಕ್ಕೆ ಹೋದರೆ, 'ನೀನು ಕೂತ್ಕವ್ವ, ತಟ್ಟೆ ನಾನೇ ಇಟ್ಕತೀನಿ' ಎನ್ನುತ್ತಿದ್ದಾರೆ. ಆದರೆ ಅವಳು ಅವತ್ತು ತಟ್ಟೆಯಲ್ಲಿ ಇಟ್ಟಿದ್ದ ವಿಭೂತಿ ಹೊರಗೆ ಉಳಿದಿದ್ದ ಕೊನೆಯ ಚೂರು, ಮನೆಯವರು ಹಚ್ಚಿ ಅದು ಮುಗಿದಿದೆ. ಉಳಿದದ್ದನ್ನು ಅತ್ತೆ ಎಲ್ಲಿಟ್ಟಿದ್ದರೋ ಅವಳಿಗೂ ಗೊತ್ತಿಲ್ಲ.

'ಅವ್ಳು ನಿಮ್ಮತ್ರ ಎಲ್ಲಾ ಹೇಳ್ತಿದ್ಲಲ್ಲ' ಎಂದರು ಯಜಮಾನರು. 'ವಿಭೂತಿ ಗಟ್ಟಿ ಎಲ್ಲಿ ಇಡ್ತೀನಿ ಅಂತೇನಾದ್ರೂ ಅಂದಿದ್ಲಾ?'

ಅಂದಿರಲಿಲ್ಲ. ಹುಡುಕೋಣ ನಡೀರಿ ಎಂದೆ. ಒಳಗೆ ಹೋಗುವ ಮೊದಲು ಅಂಗಳದ ನಲ್ಲಿ ತಿರುಗಿಸಿ ಕಾಲು ತೊಳೆದುಕೊಂಡೆ. ಯಾರೂ ಹೇಳಿರಲಿಲ್ಲ. ಅಪ್ಪ ಅವತ್ತು 'ಅಷ್ಟು ಸಾಕು' ಎಂದಿದ್ದು ನನ್ನನ್ನು ದೂರ ಇಡುವುದಕ್ಕಲ್ಲ, ನನಗೂ ಸ್ವಲ್ಪ ಜಾಗ ಬಿಟ್ಟು ಕೂತಿದ್ದರು ಎಂದು ಆ ತಣ್ಣನೆಯ ನೀರಿನಲ್ಲಿ ನಿಂತಾಗ ಹೊಳೆಯಿತು.

ದೇವರ ಗೂಡಿನ ಮೇಲ್ಗಡೆ, ಹಿಂದಕ್ಕೆ, ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಸಿಕ್ಕಿತು. ಪೇಪರಿನಲ್ಲಿ ಸುತ್ತಿಟ್ಟ ವಿಭೂತಿ ಗಟ್ಟಿಗಳು, ಡಬ್ಬಿ ತುಂಬ. ಕಾಯಿಲೆಯಲ್ಲಿದ್ದಾಗಲೇ ತರಿಸಿ ತುಂಬಿಟ್ಟಿರಬೇಕು. ಯಜಮಾನರು ಒಂದು ಗಟ್ಟಿ ತೆಗೆದುಕೊಂಡು ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ಮುಚ್ಚಿದರು. ತಟ್ಟೆಯಲ್ಲಿ ವಿಭೂತಿ, ಪತ್ರೆ, ನೀರಿನ ತಂಬಿಗೆ ಇಟ್ಟುಕೊಂಡರು. ಎಲ್ಲವೂ ವಾರೆಕೋರೆ. ಮಣೆಯ ಮೇಲೆ ಕೂತು ಕರಡಿಗೆ ಬಿಚ್ಚಿದರು. ನಾನು ಹೊರಗೆ ಜಗಲಿಯಲ್ಲಿ ಕೂತು ಕಾದೆ.

ಎಂಟೂಕಾಲಿಗೆ ಹೊರಗೆ ಬಂದರು. ಹಣೆಯ ಮೇಲೆ ಮೂರು ಬೆರಳಿನ ಗೆರೆ ಸೊಟ್ಟಗಿತ್ತು. ಸೊಸೆ ತಂದಿಟ್ಟ ಅಕ್ಕಿರೊಟ್ಟಿಯನ್ನು ಮುರಿಯುತ್ತಾ ನನ್ನನ್ನು ನೋಡಿದರು.

'ವಾದ ಮುಗೀತು ಅನ್ಕೋಬ್ಯಾಡಿ. ನೀವಿನ್ನೂ ಒಂದು ಗಟ್ಟಿ ಕಾರಣ ಕೊಟ್ಟಿಲ್ಲ' ಎಂದರು. 'ನಾಳೆ ಬನ್ನಿ, ಮುಂದುವರಿಸಾನ. ತಿಂಡಿ ಆದ್ಮೇಲೆ.'